ಎರಡು ಬೆರಳಲ್ಲಿ ಹಿಡಿದ ಶಾಲು
ಪಕ್ಕದ ಮನೆಯ ಸಾಫ್ತಕ್ಕನದು ಸರ್ಕಾರ ಒಪ್ಪಿಸಿದ ದಿಕ್ಕಿಲ್ಲದ ಮಕ್ಕಳನ್ನು ಸಾಕಿ, ದತ್ತು ಪಡೆಯುವವರ ಕೈಗಿಡುವ ಕೆಲಸ. ಕೈಗಿಡುವಾಗ ಮಾತ್ರ ಅವಳ ಹೊಟ್ಟೆಯುರಿ ಬೇಲಿ ದಾಟಿ ನಮ್ಮನೆಗೂ ಬರುತ್ತದೆ. ಅವಳ ಪರೀಕ್ಷೆಯಲ್ಲಿ ಪಾಸಾದ ಹೊಸ ತಾಯಿ ಈವರೆಗೆ ಹುಟ್ಟಿಲ್ಲ. ಒಬ್ಬಳ ಕೈ ತಣ್ಣಗೆ, ಇನ್ನೊಬ್ಬಳ ನಗು ಜೋರು. "ಮೆಕ್ಕೆಜೋಳದ ಮುದ್ದೆ ತಿರುವೋಕೆ ಬರಲ್ಲ, ಮಗು ಸಾಕ್ತಾಳಂತೆ!" ಈಗ ಪುಟ್ಟ ಇಲಿಂಕಾಳನ್ನು ಒಯ್ಯಲಿರುವ ರಾಜಧಾನಿ ಬುಕಾರೆಸ್ಟಿನ ಹೆಂಗಸು, ಮಗುವಿಗೆ ತನ್ನ ಮೈವಾಸನೆ ಪರಿಚಯವಾಗಲೆಂದು ಶಾಲೊಂದನ್ನು ಬಿಟ್ಟುಹೋಗಿದ್ದಾಳೆ. "ಥೂ, ಕೊಳೆತ ಹೂವಿನ ನಾತ!" ಎನ್ನುತ್ತಲೇ ಸಾಫ್ತಕ್ಕ ಅದನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಮಗುವಿನ ದಿಂಬಿಗೆ ಹಾಸುತ್ತಾಳೆ. "ಅಷ್ಟೊಂದು ಹೇಸಿಗೆನಾ ಅಕ್ಕಾ?" ಎಂದು ನಕ್ಕೆ. "ಅಲ್ಲ ಕಣೇ, ನನ್ನ ವಾಸನೆ ಈ ಶಾಲಿಗೆ ಹತ್ತಿಬಿಟ್ರೆ, ಮಗು ಅಲ್ಲಿ ಹೋಗಿ ನನ್ನನ್ನೇ ಹುಡುಕುತ್ತೆ."