ಹಜಾರದಲ್ಲಿ ಬಿರುಗಾಳಿ

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಹಜಾರದಲ್ಲಿ ಹನ್ನೊಂದು ವರ್ಷಗಳಿಂದ ಬಿರುಗಾಳಿಯ ಮುನ್ಸೂಚನೆಯಿದೆ. ಗಾಬರಿಯಾಗಬೇಡಿ, ದಾಂಪತ್ಯದ ವಿಷಯವಲ್ಲ. ಗೋಡೆಯ ಮೇಲಿರುವ ವಾಯುಭಾರಮಾಪಕದ ಮಾತು. ನಮ್ಮ ಮಾವನವರು ಮಂಗಳೂರು ಬಂದರಿನ ನೌಕರಿ ಮುಗಿಸಿ ಕುಣಿಗಲ್ಲಿಗೆ ಮರಳುವಾಗ ತಂದ ಈ ಹಿತ್ತಾಳೆಯ ಗುಂಡು ಯಂತ್ರ, ಅವರು ತೀರಿಕೊಂಡ ಮೇಲೆ ಮಗಳ ಪಾಲಿಗೆ ಬಂತು. ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರಾಗಿರುವ ನನ್ನ ಹೆಂಡತಿ ಗಿರಿಜ ದಿನಾ ಬೆಳಿಗ್ಗೆ ಅಪ್ಪನಂತೆಯೇ ಅದರ ಗಾಜಿಗೆ ಎರಡು ಸಲ ಬೆರಳಿನಿಂದ ತಟ್ಟಿ, ಮುಳ್ಳು ‘ಬಿರುಗಾಳಿ’ ಎಂಬ ಬರಹದ ಮೇಲೇ ಇರುವುದನ್ನು ನೋಡಿ, ಕೊಡೆ ಹಿಡಿದು ಬಸ್ಸಿಗೆ ಹೊರಡುತ್ತಾಳೆ. ಏಪ್ರಿಲ್ಲಿನ ಉರಿಬಿಸಿಲಲ್ಲೂ ಅಷ್ಟೇ.

ಯಂತ್ರ ಕೆಟ್ಟಿದೆಯೆಂದೇ ನಾನು ನಂಬಿದ್ದೆ. ಸಮುದ್ರಮಟ್ಟದಲ್ಲಿ ಪಾದರಸದ ಕಂಬ ಎಪ್ಪತ್ತಾರು ಸೆಂಟಿಮೀಟರ್ ನಿಲ್ಲುತ್ತದೆಂದು ಕಾಲೇಜು ಮಕ್ಕಳಿಗೆ ಉರು ಹೊಡೆಸಿದ ಭೌತಶಾಸ್ತ್ರದ ಮೇಷ್ಟ್ರು ನಾನು. ತುಮಕೂರು ಸಮುದ್ರಮಟ್ಟದಲ್ಲಿಲ್ಲ ಎಂಬುದು ಮಾತ್ರ ಸ್ವಂತ ಹಜಾರದಲ್ಲಿ ಹೊಳೆಯಲಿಲ್ಲ. ಹೊಳೆಸಿದವನು ಪಕ್ಕದ ಮನೆಯ ರುದ್ರೇಶ. ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಒಂದು ಭಾನುವಾರ ಕಾಫಿಗೆ ಬಂದವನು ಯಂತ್ರದ ಮಂಗಳೂರಿನ ಕಥೆ ಕೇಳಿ, ಮುಳ್ಳು ನೋಡಿ ನಕ್ಕ.

“ಇದು ಕೆಟ್ಟಿಲ್ಲ ಬುಡಿ ಸಾರ್. ಮಂಗಳೂರಿಗೆ ಸೆಟ್ ಮಾಡವ್ರೆ, ನಾವು ಎಂಟ್ನೂರು ಮೀಟ್ರು ಮೇಲಿದೀವಿ. ಹಿಂದ್ಗಡೆ ಸ್ಕ್ರೂ ತಿರುಗ್ಸಿದ್ರೆ ಸರಿಹೋಯ್ತದೆ.”

ಅಯ್ಯೋ ನನ್ನ ಪಾಂಡಿತ್ಯವೇ! ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿಯ ಹೊರೆ ಹಗುರ. ಯಂತ್ರದೊಳಗಿನ, ಗಾಳಿ ತೆಗೆದ ತಗಡಿನ ಡಬ್ಬಿ ಆ ಹೊರೆ ಇಳಿದಷ್ಟೂ ಉಬ್ಬಿ ಮುಳ್ಳನ್ನು ಕೆಳಗಿಳಿಸುತ್ತದೆ. ಇಲ್ಲಿ ಪಾದರಸವೂ ಅರವತ್ತೊಂಬತ್ತರ ಆಸುಪಾಸಿಗೇ ನಿಲ್ಲುತ್ತದೆ. ನಮ್ಮೂರಿನ ಎತ್ತರವನ್ನೇ ಪಾಪ ಅದು ಚಂಡಮಾರುತವೆಂದು ತಿಳಿದಿತ್ತು. ಗಿರಿಜ ಮನೆಯಲ್ಲಿರಲಿಲ್ಲ. ಮೇಷ್ಟ್ರ ಬುದ್ಧಿ ನೋಡಿ, ಹಳೆಯ ಅಂಕೆಯನ್ನು ಗುರುತು ಹಾಕಿಕೊಂಡೇ ಸ್ಕ್ರೂ ತಿರುಗಿಸಿದೆ. ಮುಳ್ಳು ‘ನಿರ್ಮಲ ಆಕಾಶ’ಕ್ಕೆ ಬಂತು.

ಸೋಮವಾರ ಬೆಳಿಗ್ಗೆ ಗಿರಿಜ ಎರಡು ಸಲ ತಟ್ಟಿದಳು. ಕೊಡೆಯತ್ತ ಹೋದ ಕೈ ಅಲ್ಲೇ ನಿಂತಿತು.

“ಏನ್ರೀ ಮಾಡಿದ್ರಿ ಇದಕ್ಕೆ?”

ಹೆಮ್ಮೆಯಿಂದಲೇ ವಿವರಿಸಿದೆ. ಅವಳ ಕಣ್ಣು ತುಂಬಿತು.

“ಸ್ಕ್ರೂ ಇರೋದು ಅಪ್ಪಂಗೆ ಗೊತ್ತಿರ್ಲಿಲ್ವಾ? ಬಂದರಲ್ಲಿ ದಿನಾ ಅದನ್ನೇ ನೋಡ್ತಿದ್ದೋರು. ಕುಣಿಗಲ್‌ಗೆ ಬಂದ ಮೇಲೂ ಹಂಗೇ ಬಿಟ್ರು. ನಾನು ಕಾಲೇಜಿಗೆ ಹೊರಟ್ರೆ ‘ಬಿರುಗಾಳಿ ಬರ್ತೈತೆ ಕಣೇ, ಕೊಡೆ ತಗೊ’ ಅಂತ ಬಾಗಿಲ ತನಕ ಬಂದು ಕೊಡ್ತಿದ್ರು. ಅದೊಂದು ನೆಪ ಕಣ್ರೀ ಅವ್ರಿಗೆ.”

ಕೊಡೆಯಿಲ್ಲದೆ ಹೋದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಇಷ್ಟು ವರ್ಷ ಅವಳು ಗಾಜಿಗೆ ತಟ್ಟುತ್ತಿದ್ದುದು ಹವಾಮಾನ ತಿಳಿಯಲೆಂದು ನಾನು ಭಾವಿಸಿದ್ದೆ. ಗುರುತು ಹಾಕಿಕೊಂಡಿದ್ದ ಅಂಕೆಗೇ ಮುಳ್ಳನ್ನು ಹಿಂದಿರುಗಿಸಿದೆ.

ಮಂಗಳವಾರ ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಅವಳು ತಟ್ಟಿದಳು, ನೋಡಿದಳು. ಅಷ್ಟರಲ್ಲಿ ನಾನೇ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

“ಬಿರುಗಾಳಿ ಬರ್ತೈತೆ ಕಣೇ, ಕೊಡೆ ತಗೊ,” ಎಂದೆ.

ತೆಗೆದುಕೊಂಡಳು. ಕಾಂಪೌಂಡಿನಾಚೆಯಿಂದ ರುದ್ರೇಶ, “ಮುಳ್ಳು ಸರಿಹೋಯ್ತಾ ಸಾರ್?” ಎಂದು ಕೂಗಿದ.

“ಈಗ ಸರಿಹೋಯ್ತಪ್ಪ,” ಎಂದೆ.