ಮೂರನೆಯ ತಿರುವಿನ ಕೆಳಗೆ

ಮಸರಕಲ್ಲಿನ ಅಯ್ಯಪ್ಪ ಬಾವಿ ತೋಡಿ ಬದುಕಿದವನು. ಬೋರ್‌ವೆಲ್ ಲಾರಿಗಳು ಬಂದು ಆ ಕೆಲಸ ನಿಂತ ಮೇಲೆ ದೇವದುರ್ಗದ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿದ. ಅರವತ್ತು ದಾಟಿದಾಗ ಊರಾಚೆಯ ಎರೆ ಹೊಲಗಳಲ್ಲಿ ಅಂತರರಾಷ್ಟ್ರೀಯ ಬೈಕ್ ರೇಸಿನ ಟ್ರ್ಯಾಕ್ ಕಟ್ಟುವ ಕೆಲಸ ಶುರುವಾಯಿತು. ಅವನಿಗೆ ಅಲ್ಲಿ ಕಾವಲು ಕೆಲಸ ಸಿಕ್ಕಿತು.

ಮೊದಲ ವಾರವೇ ಅವನು ನಕ್ಷೆ ಹಿಡಿದು ನಿಂತಿದ್ದ ಎಂಜಿನಿಯರ್ ಮುಕರ್ರಂನ ಬಳಿ ಹೋದ. ಮುಕರ್ರಂ ರಾಯಚೂರಿನವನು, ಹಿರಿಯರ ಮಾತು ಕೇಳುವವನು.

"ಸಾಹೇಬ್ರ, ಮೂರನೇ ತಿರುವು ಬರೋ ಜಾಗದಾಗ ನಾ ತೋಡಿದ ಬಾವಿ ಅದ. ಹೊಲದವ್ರು ಮಾರೂಮುಂದ ಮಣ್ಣು ಹಾಕಿ ಮುಚ್ಚ್ಯಾರ."

"ಸರ್ವೇದಾಗ ಬಂದಿಲ್ಲಲ್ಲ ಕಾಕಾ."

"ಮುಚ್ಚಿದ್ದು ಹೆಂಗ ಕಾಣ್ತದ್ರೀ?"

ಮುಕರ್ರಂ ಗುತ್ತಿಗೆದಾರನ ಮ್ಯಾನೇಜರನಿಗೆ ಬರೆದು ತಿಳಿಸಿದ. ತಿರುವನ್ನು ಅಗೆದು ನೋಡಲು ಎರಡು ತಿಂಗಳು ಬೇಕು, ಆಗಸ್ಟಿನಲ್ಲಿ ಹೊರದೇಶದ ತಪಾಸಣೆಯವರು ಬರುತ್ತಾರೆ ಎಂದು ಮ್ಯಾನೇಜರ್ ಕಾಗದ ಬದಿಗಿಟ್ಟ. ಬೇಸಿಗೆ ಮುಗಿಯುವುದರೊಳಗೆ ಡಾಂಬರು ಬಿತ್ತು.

ಜೂನಿನ ಮೊದಲ ಮಳೆಗೆ ತಿರುವಿನಲ್ಲಿ ತಾಟಿನಷ್ಟು ಅಗಲ ನೀರು ನಿಂತಿತು. ಮುಂದಿನ ಮಳೆಗೆ ಅದು ಮೊರದಷ್ಟಾಯಿತು. ಅಯ್ಯಪ್ಪ ಹಾರೆಯಿಂದ ಕುಟ್ಟಿ ನೋಡಿದ. ಬೇರೆ ಕಡೆ ಗಟ್ಟಿಯಾಗಿ ಬರುವ ಸದ್ದು ಅಲ್ಲಿ ಖಾಲಿ ಕೊಡ ಬಡಿದಂತೆ ಬಂತು. ಹಿಂದೆ ಅರಕೇರಾದಲ್ಲಿ ಬಾವಿಯ ಮಗ್ಗುಲು ಜರಿದು ಅವನ ಜೊತೆಗಾರ ಪಕೀರಪ್ಪ ಹೂತುಹೋಗಿದ್ದ. ಅದಕ್ಕೂ ಮುಂಚೆ, ಹರಿದ ಚೀಲದಿಂದ ಜೋಳ ಸುರಿದ ಹಾಗೆ ಮಣ್ಣು ಸಣ್ಣಗೆ ಉದುರಿತ್ತು. ಆಗ ಇಬ್ಬರೂ ಅದನ್ನು ಕೇಳಿಯೂ ಸುಮ್ಮನಿದ್ದರು.

ತಗ್ಗಿಗೆ ಎರಡು ಸಲ ತೇಪೆ ಹಾಕಿದರು. ಎರಡು ಸಲವೂ ಅದು ಮತ್ತೆ ಕುಸಿಯಿತು.

ತಪಾಸಣೆಯ ದಿನ ಬೈಕುಗಳನ್ನು ಓಡಿಸಿ ನೋಡುವುದಿತ್ತು. ತಪಾಸಣೆಯವರು ಬರುವ ಮೊದಲೇ, ಬೆಳಿಗ್ಗೆ ಏಳಕ್ಕೆ ಅಯ್ಯಪ್ಪ ಹೋಗಿ ತಿರುವಿನ ನಡುವೆ ಕೂತ. ಮ್ಯಾನೇಜರ್ ಜೀಪಿನಲ್ಲಿ ಬಂದು ಗದರಿಸಿದ. ಅಯ್ಯಪ್ಪ ಏಳಲಿಲ್ಲ. ಹನ್ನೆರಡು ಟನ್ನಿನ ರೋಲರ್ ಹಾಯ್ದರೆ ಈ ಮುದುಕನ ಅನುಮಾನ ಹೋಗುತ್ತದೆ ಎಂದು ಮ್ಯಾನೇಜರ್ ಮಾನ್ವಿಯ ಡ್ರೈವರ್ ಶಾಮೀದಸಾಬನನ್ನು ಕರೆಸಿದ.

"ತಮ್ಮಾ, ಬ್ಯಾಡ," ಎಂದ ಅಯ್ಯಪ್ಪ.

"ಒಲ್ಲೆ ಅಂದ್ರ ಇಬ್ಬರದೂ ಕೆಲಸ ಹೋಗ್ತದ ಕಾಕಾ. ಒಂದ್ ಸಲ ಹೋಗಿ ಬರ್ತೀನಿ, ನೀ ಏಳು."

ಇಬ್ಬರು ಕೂಲಿಯಾಳುಗಳು ಅಯ್ಯಪ್ಪನನ್ನು ರಟ್ಟೆ ಹಿಡಿದು ಎಬ್ಬಿಸಿದರು. ರೋಲರ್ ತಿರುವನ್ನು ದಾಟಿತು. ಏನೂ ಆಗಲಿಲ್ಲ. ಮ್ಯಾನೇಜರ್ ನಕ್ಕ. ಅಯ್ಯಪ್ಪನಿಗೂ ತಾನು ಸುಮ್ಮನೆ ಹಟ ಮಾಡಿದೆನೇನೋ ಅನ್ನಿಸಿತು.

ರೋಲರ್ ಹಿಂದಕ್ಕೆ ಬರುವಾಗ ನೆಲ ಬಾಯಿಬಿಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಿಂದಿನ ಗಾಲಿ ಕುಸಿದು ಒಂದು ಕ್ಷಣ ನಿಂತಿತು, ಆಮೇಲೆ ಇಡೀ ಯಂತ್ರ ಒಳಗೆ ಹೋಯಿತು.

ಕ್ರೇನ್ ತರಲು ಯಾರೋ ಓಡಿದರು.

"ಕ್ರೇನ್ ಹತ್ರ ತರಬ್ಯಾಡ್ರಿ, ಅಂಚು ಜರೀತದ. ಹಗ್ಗ ಕೊಡ್ರಿ," ಎಂದ ಅಯ್ಯಪ್ಪ.

ಹಗ್ಗದ ಒಂದು ತುದಿಯನ್ನು ಜೀಪಿಗೆ ಕಟ್ಟಿಸಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದುಕೊಂಡು ತಾನೇ ಇಳಿದ. ಎರಡಾಳುದ್ದ ಕೆಳಗೆ ಶಾಮೀದಸಾಬ ಹೊಟ್ಟೆಯವರೆಗೆ ಮಣ್ಣಿನಲ್ಲಿದ್ದ. ಬಲಗಾಲು ಕಬ್ಬಿಣದ ಅಡಿಯಲ್ಲಿತ್ತು. ಅಯ್ಯಪ್ಪ ಬೊಗಸೆಯಿಂದ ಮಣ್ಣು ತೆಗೆಯತೊಡಗಿದ. ಮಗ್ಗುಲಿನಿಂದ ಹೆಂಟೆಗಳು ಬೀಳುತ್ತಲೇ ಇದ್ದವು.

"ಕಾಕಾ, ನೀ ಮ್ಯಾಲ ಹೋಗು."

"ನೀ ಮಾತಾಡಬ್ಯಾಡ. ಉಸಿರು ಹಿಡಿ."

ಎರಡು ತಾಸಿನ ಮೇಲೆ ಶಾಮೀದಸಾಬನನ್ನು ಜೀವಸಹಿತ ಎತ್ತಿದರು. ರಾಯಚೂರಿನ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಕೆಲಸ ಮೂರು ವಾರ ನಿಂತಿತು. ಬಾವಿಗೆ ಕಾಂಕ್ರೀಟ್ ಸುರಿದರು, ತಿರುವನ್ನು ಒಳಗೆ ಸರಿಸಿದರು. ರೇಸ್ ಜನವರಿಗೆ ಎಂದು ಬೋರ್ಡು ಹಾಕಿದರು. ಕಾವಲು ಬಿಟ್ಟು ಮನೆಯಲ್ಲಿ ಕೂತಿದ್ದ ಅಯ್ಯಪ್ಪನನ್ನು ಹುಡುಕಿಕೊಂಡು ಮುಕರ್ರಂ ನಕ್ಷೆಯೊಂದಿಗೆ ಬಂದ.

"ಕಾಕಾ, ಇನ್ನೂ ಎಲ್ಲೆಲ್ಲಿ ಬಾವಿ ಅದಾವ?"

"ನಾ ತೋಡಿದ್ದು ಅಲ್ಲಿ ಅದೊಂದ. ನಮ್ಮಪ್ಪ ತೋಡಿ ಮುಚ್ಚಿಹೋಗಿದ್ದು ಆ ಹೊಲಗಳಾಗ ಎಷ್ಟೋ ಅದಾವ್ರೀ. ಎಲ್ಲಿ ಅಂತ ಹೇಳದೆ ಹೋದ."

ಮುಕರ್ರಂ ನಕ್ಷೆಯಲ್ಲಿನ ಒಂದೊಂದೇ ಕಟ್ಟಡದ ಮೇಲೆ ಬೆರಳಾಡಿಸಿದ. ಸಾವಿರಾರು ಜನ ಕೂರುವ ಗ್ಯಾಲರಿಯ ಕಂಬಗಳು ಆಗಲೇ ಎದ್ದಿದ್ದವು.

ಅಯ್ಯಪ್ಪ ಈಗ ಹೊರಗೆ ಹೋಗುವುದು ಕಡಿಮೆ. ಹೆಂಡತಿ ಅಮರಮ್ಮ ಆಡುಗಳನ್ನು ಗ್ಯಾಲರಿಯ ಕಡೆ ಹೊಡೆದುಕೊಂಡು ಹೊರಟರೆ ಮಾತ್ರ ಎದ್ದು ಹೋಗಿ ಅವುಗಳನ್ನು ತಿರುಗಿಸಿಕೊಂಡು ಬರುತ್ತಾನೆ.