ಕೊಬ್ಬರಿ ಎಣ್ಣೆ ಹಾಕಿದ ಫ್ಯಾನು

ಹೊಸನಗರದಲ್ಲಿ ಮದುವೆ ವಿಡಿಯೋ ಮಾಡುವ ಗಣೇಶ್ ನಿಧಾನದ ಮನುಷ್ಯ. ಅವನು ತೆಗೆದ ವಿಡಿಯೋ ಕೈಗೆ ಬರುವಷ್ಟರಲ್ಲಿ ಕೆಲವು ದಂಪತಿಗೆ ಮಗು ಹುಟ್ಟಿ ಹೆಸರಿಟ್ಟೂ ಆಗಿರುತ್ತಿತ್ತು. ಕೆಲಸ ಮಾತ್ರ ಅಚ್ಚುಕಟ್ಟು. ಧಾರೆಯ ಹೊತ್ತಿಗೆ ಹಿಂದೆ ನಿಂತವರು ಯಾರಾದರೂ ಆಕಳಿಸಿದ್ದರೆ ಹುಡುಕಿ ತೆಗೆದುಹಾಕುತ್ತಿದ್ದ. ಬಾಯಿಗೆ ತುತ್ತು ಹೋಗುವ ಕ್ಷಣದಲ್ಲಿ ಯಾರ ಮುಖವೂ ಚೆನ್ನಾಗಿರುವುದಿಲ್ಲ ಎಂದು ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರನ್ನೂ ನೋಡಿ ಕತ್ತರಿಸುತ್ತಿದ್ದ. ಹೀಗೆ ಕತ್ತರಿಸುತ್ತ ಕೂತಿದ್ದರಿಂದ ಪೇಟೆಯ ಮೂರು ರಸ್ತೆಗಳಲ್ಲಿ ಅವನು ಓಡಾಡುವಂತಿರಲಿಲ್ಲ. ವಿಡಿಯೋಗಾಗಿ ಕಾಯುವವರ ಮನೆಗಳು ಅಲ್ಲಿದ್ದವು.

ಕಾಯುವವರಲ್ಲಿ ಅವನ ಸ್ವಂತ ತಂಗಿ ತನುಜಾಳೂ ಒಬ್ಬಳು. ಏಪ್ರಿಲ್‌ನಲ್ಲಿ ಅವಳನ್ನು ಕೋಣಂದೂರಿಗೆ ಕೊಟ್ಟಿದ್ದರು. ಮನೆಯವರದು ಯಾವಾಗಲಾದರೂ ಆಗುತ್ತದೆ ಎಂದು ಗಣೇಶ್ ಅವಳ ವಿಡಿಯೋವನ್ನು ಎಲ್ಲರಿಗಿಂತ ಹಿಂದೆ ಹಾಕಿದ್ದ. ಡಿಸೆಂಬರ್ ಬಂತು. ತನುಜಾಳಿಗೆ ಏಳು ತಿಂಗಳು ತುಂಬಿ, ಭಾನುವಾರ ಸೀಮಂತ ಎಂದು ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು.

"ಅಣ್ಣಾ, ಭಾನುವಾರ ನನ್ನ ಕರ್ಕೊಂಡು ಹೋಗೋಕೆ ಬರ್ತೀಯಲ್ಲ?"

"ಬರ್ತೀನಿ."

"ವಿಡಿಯೋ ತಗೊಂಡೇ ಬಾ. ಅತ್ತೆ ದಿನಾ ಕೇಳ್ತಾರೆ. ನಿಮ್ಮಣ್ಣ ಊರೋರ ಮದ್ವೆ ಎಲ್ಲಾ ತೆಗೀತಾನಂತೆ, ನಿನ್ ಮದ್ವೆ ದಿನ ಕ್ಯಾಮರಾಕ್ಕೆ ಬ್ಯಾಟ್ರಿ ಹಾಕಿದ್ನಾ ಅಂತ."

"ಹಾಕಿದ್ದೆ."

"ಅದು ನಂಗೊತ್ತು, ಅವ್ರಿಗೆ ಗೊತ್ತಾಗ್ಬೇಕಲ್ಲ. ವಿಡಿಯೋ ಇಲ್ದೆ ಬಂದ್ರೆ ಊಟ ಮಾಡಿ ನೀನೊಬ್ನೇ ಹೋಗು. ನಾನು ಬರಲ್ಲ. ಹೆರಿಗೆ ಇಲ್ಲೇ ಆಗ್ಲಿ."

ತಾಯಿ ಹುಲಿಯಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂದು ಅವಳು ದೀಪಾವಳಿಗೆ ಮುಂಚೆಯೇ ಒಳಕೋಣೆಗೆ ಸುಣ್ಣ ಬಳಿಸಿದ್ದಳು. ಬಾಣಂತಿಗೆಂದು ಹಂಡೆಗೆ ಕಲಾಯಿಯೂ ಆಗಿತ್ತು.

"ಅವ್ಳು ಹೇಳಿದ್ರೆ ಹೇಳಿದ್ದೇ," ಎಂದಳು ಹುಲಿಯಮ್ಮ. "ನಿಮ್ಮಪ್ಪನ ಹಟ ಅದು."

ಅಪ್ಪ ಮಾರಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಇನ್ನೊಂದು ಎಲೆ ತೆಗೆದುಕೊಂಡ.

ಗಣೇಶ್ ಆ ದಿನವೇ ಕೂತ. ಗುರುವಾರದ ಹೊತ್ತಿಗೆ ಕತ್ತರಿಸುವ ಕೆಲಸ ಮುಗಿಯುವಂತಿತ್ತು. ಆಮೇಲೆ ಕಂಪ್ಯೂಟರು ಎಲ್ಲ ತುಂಡುಗಳನ್ನೂ ಪೋಣಿಸಿ ಒಂದೇ ವಿಡಿಯೋ ಮಾಡಬೇಕು. ಅದಕ್ಕೆ ಏಳು ಗಂಟೆ ಬೇಕು. ಆ ಭಾರ ಹೊರುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು. ಅವನದು ಹತ್ತು ವರ್ಷ ಹಳೆಯದು, ಸಾಗರದಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಕೆಲಸ ಮಾಡುವಾಗ ಅದು ಕಾಯುತ್ತದೆ. ತಣ್ಣಗಿಡಲು ಅದರ ಮೇಲೆ ಅಂಗೈಯಗಲದ ಒಂದು ಫ್ಯಾನಿದೆ. ಆ ಫ್ಯಾನು ಮಳೆಗಾಲದಿಂದಲೇ ಸದ್ದು ಮಾಡುತ್ತಿತ್ತು. ಈಗ ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತಿತ್ತು.

"ಎಣ್ಣೆ ಬಿಡೋ ಅದ್ಕೆ," ಎಂದಳು ಹುಲಿಯಮ್ಮ.

ಅವರ ಮನೆಯಲ್ಲಿ ಎಣ್ಣೆ ಎಂದರೆ ಕೊಬ್ಬರಿ ಎಣ್ಣೆ. ತಲೆಗೆ ಅದೇ, ಬಾಗಿಲ ಕೀಲಿಗೆ ಅದೇ, ಹಲಸಿನ ಹಣ್ಣು ಬಿಡಿಸುವಾಗ ಕೈಗೂ ಅದೇ. ಗಣೇಶ್ ಫ್ಯಾನಿನ ನಡುವಿನ ಸ್ಟಿಕರನ್ನು ಉಗುರಿನಿಂದ ಹರಿಯದಂತೆ ಎತ್ತಿದ. ಶೀಶೆಯಲ್ಲಿ ಎಣ್ಣೆ ಚಳಿಗೆ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಬಚ್ಚಲ ಒಲೆಯ ಪಕ್ಕ ಇಟ್ಟು ಕರಗಿಸಿದ. ಊದುಬತ್ತಿ ಕಡ್ಡಿಯ ತುದಿಯಿಂದ ಎರಡೇ ಹನಿ ಬಿಟ್ಟು ಸ್ಟಿಕರನ್ನು ಮತ್ತೆ ಅಂಟಿಸಿದ. ಸದ್ದು ನಿಂತೇಹೋಯಿತು. ಇದು ಸೋಮವಾರ ಮಧ್ಯಾಹ್ನ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಕಂಪ್ಯೂಟರು ಹಾಕಿದರೆ ಫ್ಯಾನು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಕಾರ್ಡು ಕಾದು ಎಲ್ಲ ಆರಿತು. ಮತ್ತೆ ಹಾಕಿದ, ಆಗ ತಿರುಗಿತು. ಬುಧವಾರವೂ ಹೀಗೇ ಆಯಿತು. ಹಳೇ ಜೀಪಿನ ಹಾಗೆ ಇದೂ ಮೊದಲು ಒಂದು ಸಲ ಬಿಸಿಯಾಗಬೇಕು ಎಂದು ಗಣೇಶ್ ತೀರ್ಮಾನಿಸಿದ. ಮರೆಯಬಾರದೆಂದು 'ಬೆಳಿಗ್ಗೆ ಎರಡು ಸಲ ಹಾಕುವುದು' ಎಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದ.

ಗುರುವಾರ ಎರಡು ಸಲ ಹಾಕಿದ. ನಾಲ್ಕು ಸಲ ಹಾಕಿದ. ಫ್ಯಾನು ತಿರುಗಲಿಲ್ಲ. ಬೆರಳಿನಿಂದ ತಳ್ಳಿದರೆ ಅರ್ಧ ಸುತ್ತು ಬಂದು ನಿಲ್ಲುತ್ತಿತ್ತು. ಅವನು ಕಾರ್ಡನ್ನು ಬಿಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ, ಊಟದ ಡಬ್ಬಿಯ ಬ್ಯಾಗಿನಲ್ಲಿಟ್ಟುಕೊಂಡು ಸಾಗರದ ಬಸ್ಸು ಹತ್ತಿದ. ಬಸ್ಸಿನಲ್ಲಿ ಬ್ಯಾಗನ್ನು ಕೆಳಗಿಡಲಿಲ್ಲ.

ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಚಿರಂತನ ಅವನಿಗಿಂತ ಚಿಕ್ಕವನು. ಸ್ಟಿಕರ್ ಎತ್ತಿ ಮೂಸಿ ನೋಡಿದ.

"ಎಂತ ಹಾಕಿದ್ರಿ ಗಣೇಶಣ್ಣ ಇದ್ಕೆ?"

"ಎಣ್ಣೆ."

"ಯಾವ್ದು?"

"ಕೊಬ್ರಿ ಎಣ್ಣೆ. ಮನೇದೇ."

"ಸಾಸಿವೆ ಕರಿಬೇವು ಹಾಕಿಲ್ಲ ಅಲ್ವಾ?"

ಗಣೇಶ್ ಯೋಚಿಸಿ, ಇಲ್ಲ ಎಂದ.

"ಚಳೀಲಿ ಹೆಪ್ಪುಗಟ್ಟತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಕರಗಿಸಿಯೇ ಹಾಕಿದ್ದು."

ಚಿರಂತನ ಫ್ಯಾನನ್ನು ಬಿಚ್ಚಿದ. ಫ್ಯಾನಿನೊಳಗೆ ಎಣ್ಣೆಗೆ ಧೂಳು ಸೇರಿ ಅಂಟಾಗಿತ್ತು. ನಡುವಿನ ಕಡ್ಡಿ ಮೊದಲೇ ಸವೆದಿತ್ತು. ಹೊಸ ಫ್ಯಾನು ತರಿಸಿದರೆ ಎಂಟು ದಿನ ಎಂದ. ಭಾನುವಾರ ಸೀಮಂತ ಎಂದ ಗಣೇಶ್. ಯಾರದು ಎಂದು ಕೇಳಿ, ಎಲ್ಲ ತಿಳಿದುಕೊಂಡು, ಚಿರಂತನ ಅಟ್ಟದಿಂದ ಸತ್ತ ಕಾರ್ಡುಗಳ ಡಬ್ಬಿ ಇಳಿಸಿದ.

ಹನ್ನೊಂದು ಕಾರ್ಡುಗಳಿದ್ದವು. ಗಣೇಶ್ ಒಂದು ಕಾಗದದ ಮೇಲೆ ತನ್ನ ಫ್ಯಾನನ್ನಿಟ್ಟು ಸುತ್ತ ಗೆರೆ ಎಳೆದು, ಮೂರು ಸ್ಕ್ರೂ ತೂತುಗಳಿಗೆ ಚುಕ್ಕಿ ಇಟ್ಟ. ಆ ಕಾಗದಕ್ಕೆ ಒಂದೊಂದೇ ಫ್ಯಾನು ಹೊಂದಿಸಿ ನೋಡಿದ. ಒಂಬತ್ತನೆಯದು ಸರಿಯಾಗಿ ಕೂತಿತು. ಆದರೆ ಅದರ ಪ್ಲಗ್ಗು ದೊಡ್ಡದು. ಹಳೆಯ ಫ್ಯಾನಿನ ಪ್ಲಗ್ಗನ್ನು ವೈರಿನ ಸಮೇತ ಕತ್ತರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಚಿರಂತನ ಬೆಸುಗೆ ಹಾಕಿದ. ಹಳದಿ ವೈರಿಗೆ ಜೋಡಿ ಇರಲಿಲ್ಲ. ಅದು ವೇಗ ತಿಳಿಸಲಷ್ಟೇ ಎಂದು ಟೇಪು ಸುತ್ತಿ ಬಿಟ್ಟರು. ಕಾರ್ಡಿನ ಶಾಖ ಎಳೆಯಲು ಹಚ್ಚಿದ್ದ, ಈಗ ಒಣಗಿದ್ದ ಪೇಸ್ಟನ್ನು ಒರೆಸಿ, ಅಕ್ಕಿಕಾಳಿನಷ್ಟು ಹೊಸತು ಹಚ್ಚಿದರು. ಅಂಗಡಿಯ ಕಂಪ್ಯೂಟರಿಗೆ ಹಾಕಿದಾಗ ಫ್ಯಾನು ತಿರುಗಿತು. ಸದ್ದಿರಲಿಲ್ಲ.

"ಇನ್ನು ಇದ್ಕೆ ಎಂತದೂ ಹಾಕ್ಬೇಡಿ," ಎಂದ ಚಿರಂತನ. "ತುಪ್ಪಾನೂ ಬೇಡ."

ಶುಕ್ರವಾರ ಉಳಿದ ಕತ್ತರಿಕೆ ಮುಗಿಯಿತು. ಶನಿವಾರ ಬೆಳಿಗ್ಗೆ ಎಂಟಕ್ಕೆ ಗಣೇಶ್ ಕೆಲಸ ಹಚ್ಚಿ, ಎದುರಿಗೆ ಸ್ಟೂಲು ಹಾಕಿ ಕೂತ. ಕಾಲು ಗಂಟೆಗೊಮ್ಮೆ ಕಾರ್ಡಿನ ಶಾಖ ನೋಡಿದ. ಎಪ್ಪತ್ತು ಡಿಗ್ರಿ ದಾಟಲಿಲ್ಲ. ಹುಲಿಯಮ್ಮ ಹಾಲಿಗೆ ಹೆಪ್ಪು ಹಾಕಿದವಳಂತೆ ಆ ಕೋಣೆಯ ಹತ್ತಿರ ಯಾರೂ ಜೋರಾಗಿ ನಡೆಯದಂತೆ ನೋಡಿಕೊಂಡಳು. ಮೂರೂ ಕಾಲಿಗೆ ವಿಡಿಯೋ ಪೆನ್ ಡ್ರೈವಿಗೆ ಬಂತು. ಗಣೇಶ್ ಅದನ್ನು ಇನ್ನೊಂದು ಪೆನ್ ಡ್ರೈವಿಗೂ ಹಾಕಿ ಎರಡೂ ಜೇಬಿನಲ್ಲಿ ಒಂದೊಂದು ಇಟ್ಟುಕೊಂಡ.

ಭಾನುವಾರ ಕೋಣಂದೂರಿನಲ್ಲಿ ಸೀಮಂತದ ಊಟವಾದ ಮೇಲೆ, ಒಂದೂವರೆಗೆ, ಟೀವಿಗೆ ಪೆನ್ ಡ್ರೈವು ಹಾಕಿದರು. ತನುಜಾಳ ಅತ್ತೆ ಕನ್ನಮ್ಮ ಮುಂದಿನ ಕುರ್ಚಿಯಲ್ಲಿ ಕೂತಳು. ವಿಡಿಯೋ ಎರಡು ಗಂಟೆ ಐವತ್ತು ನಿಮಿಷದ್ದು. ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಮುಂಚೆ ಬಸುರಿಯನ್ನು ಹೊಸ್ತಿಲು ದಾಟಿಸಬೇಕು. ಯಾರೂ ಏಳಲಿಲ್ಲ. ಊಟದ ಪಂಕ್ತಿ ಬಂದಾಗ ಕನ್ನಮ್ಮ, "ಯಾರೂ ಬಾಯಿಗೆ ಹಾಕ್ತಾನೇ ಇಲ್ವಲ್ಲ, ಸಾರು ಸರಿ ಇರ್ಲಿಲ್ವಾ?" ಎಂದಳು. ಮಾರಪ್ಪ ಗಡಿಯಾರ ನೋಡುತ್ತಿದ್ದ.

ನಾಲ್ಕೂ ಇಪ್ಪತ್ತಕ್ಕೆ ಮುಗಿಯಿತು. ಕನ್ನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಚೆನ್ನಾಗೈತಪ್ಪ," ಎಂದಳು. "ನಮ್ಮೋರು ಎಲ್ರೂ ಬಂದವ್ರೆ. ಆದ್ರೆ ಕೂಸಿನ ನಾಮಕರಣದ ವಿಡಿಯೋ ತೆಗೆಯೋಕೆ ಬೇರೆಯೋರಿಗೆ ಹೇಳ್ತೀವಿ. ಅದು ಶಾಲೆಗೆ ಹೋಗೋಕೆ ಮುಂಚೆ ನಾನು ನೋಡ್ಬೇಕು."

"ಆಗ್ಲಿ ಅತ್ತೆ," ಎಂದ ಗಣೇಶ್.

ತನುಜಾ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಉಡಿ ತುಂಬಿದ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬಟ್ಟೆಯ ಚೀಲವನ್ನು ಅಣ್ಣನತ್ತ ಚಾಚಿದಳು.

"ಹಿಡಿ ಇದ್ನ. ಇನ್ನು ಹತ್ತೇ ನಿಮಿಷ ಇರೋದು, ಬೇಗ ನಡಿ," ಎಂದಳು.